ಅಕ್ಕೋರ ಜಾಗದಲ್ಲಿ ನಾನು ಮಲಗಿದ್ದು

ಹತ್ತಿ ದಲಾಲಿ ಮಾಡಿದವನಿಗೆ ತನ್ನ ಕಣ್ಣಿನ ಮೇಲಿರುವಷ್ಟು ವಿಶ್ವಾಸ ಬೇರೆ ಯಾರಿಗೂ ಇರುವುದಿಲ್ಲ. ಒಂದು ಹಿಡಿ ಅರಳೆ ಹಿಡಿದು ನೋಡಿ ಎಳೆ ಎಷ್ಟು ಉದ್ದ, ಗಟ್ಟಿಯೋ ಪೊಳ್ಳೋ ಎಂದು ನಾನು ಹೇಳಿದರೆ ಮಾರುಕಟ್ಟೆಯಲ್ಲಿ ಎರಡನೇ ಮಾತಿರಲಿಲ್ಲ. ಹೀಗಾಗಿ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಮನೆಯಲ್ಲಿ ಕುಳಿತ ಮೇಲೆ, ಇಂಥ ಕಣ್ಣನ್ನು ಸುಮ್ಮನೆ ಬಿಡುವುದು ನಾಡಿಗೇ ಅನ್ಯಾಯವೆನಿಸಿ ಒಂದು ಕ್ಯಾಮೆರಾ ಕೊಂಡೆ. ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಮಿಶನ್ ಕಾಲದ ಹಳೆಯ ಚರ್ಚುಗಳಿವೆ. ಹೆಂಚಿನ ಮಾಡು, ಕಲ್ಲಿನ ಗೋಡೆ, ಸುತ್ತ ಜೋಳದ ಹೊಲ, ಮಗ್ಗುಲಲ್ಲಿ ಒಂದಿಷ್ಟು ಸಮಾಧಿಗಳು. ಅವು ಬಿದ್ದುಹೋಗುವ ಮೊದಲು ಫೋಟೋ ತೆಗೆದು ಮುಂದಿನ ಪೀಳಿಗೆಗೆ ಉಳಿಸುವ ಜವಾಬ್ದಾರಿಯನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ನಾನೇ ತೆಗೆದುಕೊಂಡೆ.

"ಇದ್ದವರ ಫೋಟೋ ತಗದ್ರ ತಲಿ ಕತ್ತರಸ್ತೀರಿ. ಅದಕ್ಕ ಸತ್ತವರ ಕಡೆ ಹೊಂಟೀರೇನು?" ಎಂದಳು ನನ್ನ ಹೆಂಡತಿ ಗಿರಿಜಾ.

ಕಲಾವಿದನಾದವನು ಇಂಥ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು. ನಾನು ಹಚ್ಚಿಕೊಳ್ಳಲಿಲ್ಲ.

ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ನಮ್ಮ ಎದುರುಮನೆಯವರು ಎಸ್ತೇರ ಅಕ್ಕೋರು. ಮಿಶನ್ ಸಾಲಿಯಲ್ಲಿ ಕಲಿಸಿದವರು, ನನ್ನ ಮಕ್ಕಳಿಬ್ಬರಿಗೂ ಮಗ್ಗಿ ಬಾಯಿಪಾಠ ಮಾಡಿಸಿದವರು. ಬಿದ್ದು ಟೊಂಕ ಮುರಿದುಕೊಂಡ ಮೇಲೆ ಮಂಚದಿಂದ ಕಿಟಕಿ, ಕಿಟಕಿಯಿಂದ ಮಂಚ, ಅಷ್ಟೇ ಅವರ ತಿರುಗಾಟ. ನನ್ನ ಹೊಸ ಹವ್ಯಾಸದ ಸುದ್ದಿ ಕೇಳಿ ಒಂದು ದಿನ ಕರೆಸಿದರು.

"ಮಲ್ಲಣ್ಣಾರ, ನಮ್ಮೂರಿಗೂ ಹೋಗಿ ಬರ್ರಿ. ಉಪ್ಪಿನಬೆಟಗೇರಿ ದಾಟಿ ಒಳಗ ಹೋಗಬೇಕು. ಚರ್ಚಿನ ಹಿಂದ ನಮ್ಮವ್ವನ ಕಲ್ಲು ಅದ. ಆಕಿ ಬಲಕ್ಕ ನನಗಂತ ಜಾಗಾ ಬಿಟ್ಟಾರ. ಈಗ ಅಲ್ಲೆ ಹೊಸಾ ಕಂಪೌಂಡ್ ಕಟ್ಯಾರ, ನಿನ್ನ ಜಾಗಾ ಗ್ವಾಡ್ಯಾಗ ಹೋತು ಅಂತಾನ ನನ್ನ ತಮ್ಮನ ಮಗ. ಇಲ್ಲೇ ಹುಬ್ಬಳ್ಯಾಗ ಮಣ್ಣ ಮಾಡೋಣು ಅನ್ನಾಕತ್ತಾನ." ಕಿಟಕಿಯ ಕಡೆ ತಿರುಗಿ ಹೇಳಿದರು: "ನನಗ ಅವ್ವನ ಮಗ್ಗಲಾಗ ಮಲಗಬೇಕಾಗೇದ. ಜಾಗಾ ಉಳದದ ಅಂತ ಒಂದು ಫೋಟೋ ತಂದ್ರ ಅವಂಗ ತೋರಸ್ತೀನಿ."

ಅಕ್ಕೋರು ಯಾರ ಹತ್ತಿರವೂ ಏನನ್ನೂ ಬೇಡಿದವರಲ್ಲ. ಅಂಥವರು ಕೇಳಿದರೆಂದು, "ಒಂದ್ಯಾಕ್ರಿ ಅಕ್ಕೋರ, ನೂರು ತರ್ತೇನಿ" ಎಂದೆ. ಎಲ್ಲ ಅನಾಹುತಕ್ಕೂ ಈ ಉದಾರ ಸ್ವಭಾವವೇ ಮೂಲ.

ಮರುದಿನ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಗಿರಿಜಾ ಕಾರಿನಲ್ಲಿ ಕುಳಿತಳು. ಉಣಕಲ್ ಕೆರೆ ದಾಟುವವರೆಗೆ ನಾನು ಅವಳಿಗೆ ಛಾಯಾಗ್ರಹಣದ ತತ್ವಗಳನ್ನು ತಿಳಿಸಿಕೊಟ್ಟೆ. ಎಲ್ಲವನ್ನೂ ಮೊಬೈಲಿನ ವಿಡಿಯೋ ನೋಡಿ ಕಲಿತಿದ್ದೆ. ಮೊದಲನೇ ತತ್ವ: ಖಾಲಿ ಜಾಗ ಚಿತ್ರದ ಶತ್ರು. ಅವಳು ಧಾರವಾಡ ಬರುವ ಮೊದಲೇ ನಿದ್ದೆ ಹೋದಳು.

ಚರ್ಚಿನ ಬೀಗದಕೈ ಸಭೆಯ ಹಿರಿಯರಾದ ದಾನಿಯೇಲಪ್ಪನವರ ಹತ್ತಿರವಿತ್ತು. ಬಾಗಿಲು ತೆಗೆದಾಗ ಒಳಗೆ ತಣ್ಣಗಿತ್ತು. ಕೂತು ಕೂತು ನುಣುಪಾದ ಬೆಂಚುಗಳು, ಹೆಂಚಿನ ಸಂದಿಯಿಂದ ಬಿದ್ದ ಬಿಸಿಲು. ಆ ಊರಿನಲ್ಲಿ ಈಗ ಉಳಿದಿರುವುದು ಕೆಲವೇ ಮನೆಯವರಂತೆ, ಆದರೂ ನೆಲ ಸಾರಿಸಿ ಸ್ವಚ್ಛವಾಗಿತ್ತು. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಒಂದು ಬೆಂಚಿನ ಮೇಲೆ ಸುಮ್ಮನೆ ಕುಳಿತೆ. ಅಕ್ಕೋರು ಸಣ್ಣವರಿದ್ದಾಗ ಕಾಲು ನೆಲಕ್ಕೆ ಎಟುಕದೆ ಇಲ್ಲೇ ಕುಳಿತು ಹಾಡಿರಬೇಕು ಎಂದುಕೊಂಡೆ. ಅಷ್ಟು ಹೊತ್ತು ನಾನು ಯಾವ ತಪ್ಪನ್ನೂ ಮಾಡಲಿಲ್ಲ.

ಹಿಂದಿನ ಸಮಾಧಿಗಳ ನಡುವೆ ಅಕ್ಕೋರ ತಾಯಿಯ ಕಲ್ಲು ಸಿಕ್ಕಿತು. ರಾತ್ರಿಯ ಮಳೆಗೆ ತೊಯ್ದಿತ್ತು. ಅಕ್ಷರಗಳು ಸವೆದು ಕಣ್ಣಿಗೆ ಹತ್ತುತ್ತಿರಲಿಲ್ಲ. ಇಂಥ ಅಕ್ಷರಗಳಿಗೆ ಬಿಳಿ ಪುಡಿ ತಿಕ್ಕಬೇಕೆಂದು ವಿಡಿಯೋ ಹೇಳಿತ್ತು. ಪುಡಿ ಎಲ್ಲಿಂದ ತರುವುದು? ಅಂಗಿಯ ಕಿಸೆಯಲ್ಲಿ ವಿಭೂತಿ ಗಟ್ಟಿ ಇತ್ತು. ನಮ್ಮ ಮನೆತನದಲ್ಲಿ ಗಂಡಸರು ಹೊರಬೀಳುವಾಗ ಪಾಕೀಟು ಮರೆತಾರು, ಅದನ್ನು ಮರೆಯುವುದಿಲ್ಲ.

"ಏನ್ರಿ, ಅವರ ಸಮಾಧಿಗೆ ವಿಭೂತಿ ಹಚ್ಚಾಕತ್ತೀರಲ್ಲ" ಎಂದಳು ಗಿರಿಜಾ.

"ಇದು ಬರೇ ಬಣ್ಣ. ಬಣ್ಣಕ್ಕ ಜಾತಿ ಇರೂದಿಲ್ಲ" ಎಂದೆ, ಬಹಳ ಗಂಭೀರವಾಗಿ.

ಒದ್ದೆ ಕಲ್ಲಿನ ಮೇಲೆ ವಿಭೂತಿ ಅಕ್ಷರಕ್ಕಷ್ಟೇ ಹತ್ತಲಿಲ್ಲ, ಇಡೀ ಕಲ್ಲಿಗೆ ಮೆತ್ತಿಕೊಂಡಿತು. ಒರೆಸೋಣವೆಂದು ಕೈ ಆಡಿಸಿದೆ. ಹುಟ್ಟಿದಾಗಿನಿಂದ ರೂಢಿಯಾದ ಕೈ. ಮೂರು ಬೆರಳು ತಾವಾಗಿಯೇ ಕೂಡಿಕೊಂಡು ಎಡದಿಂದ ಬಲಕ್ಕೆ ಹೋದವು. ಕಲ್ಲಿನ ಹಣೆಯ ಮೇಲೆ ಅಚ್ಚುಕಟ್ಟಾದ ಮೂರು ಪಟ್ಟೆ ಮೂಡಿದವು. ಹೊಲಕ್ಕೆ ಹೊರಟಿದ್ದ ಹೆಣ್ಣುಮಗಳೊಬ್ಬಳು ಬೇಲಿಯಾಚೆ ನಿಂತು ಕೈಮುಗಿದು ಮುಂದೆ ಹೋದಳು.

ದಾನಿಯೇಲಪ್ಪನವರು ಬಂದು ಕಲ್ಲನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಸಾವಕಾರ್ರ, ನಮ್ಮ ಮುದುಕಿಗೆ ಲಿಂಗದೀಕ್ಷಾ ಕೊಟ್ಟ್ರೇನು?" ಎಂದು ಮೆಲ್ಲಗೆ ಕೇಳಿ, ಕೊಡ ತೆಗೆದುಕೊಂಡು ನೀರಿಗೆ ಹೋದರು.

ಅವರು ತಂದ ನೀರಿನಲ್ಲಿ ಕಲ್ಲು ತೊಳೆದೆ. ಸಂದಿಯಲ್ಲಿ ಕೂತ ವಿಭೂತಿ ಪೂರ್ತಿ ಹೋಗಲಿಲ್ಲ, ಎರೆಮಣ್ಣು ಮಾತ್ರ ರಾಡಿಯಾಯಿತು. ದಾನಿಯೇಲಪ್ಪನವರು ಕೊಡ ಇಟ್ಟು ಬರಲು ಹೋದರು. ಆದ ಅವಮಾನಕ್ಕೆ ಒಂದು ಶ್ರೇಷ್ಠ ಚಿತ್ರವೇ ಪ್ರಾಯಶ್ಚಿತ್ತ ಎಂದು ನಾನು ತೀರ್ಮಾನಿಸಿದೆ. ಎಡದಿಂದ ತೆಗೆದೆ, ಕಲ್ಲಿಗೆ ಮೂಗು ಹಚ್ಚಿ ತೆಗೆದೆ, ಹಿಂದಿನದೆಲ್ಲ ಮಂಜಾಗುವಂತೆ ತೆಗೆದೆ. ಕೊನೆಗೆ ಕಲ್ಲಿನ ತಲೆಯೂ ಚರ್ಚಿನ ಗಂಟೆಯೂ ಒಂದೇ ಚಿತ್ರದಲ್ಲಿ ಬರಲೆಂದು ಕಲ್ಲಿನ ಬಲಕ್ಕೆ ಅಂಗಾತ ಮಲಗಿ ಮೇಲಕ್ಕೆ ಗುರಿಯಿಟ್ಟೆ. ಚಿತ್ರ ಬಂತು. ನನಗೆ ಏಳಲಿಕ್ಕೆ ಬರಲಿಲ್ಲ. ಟೊಂಕ ಹಿಡಿದುಬಿಟ್ಟಿತ್ತು.

ಕ್ಯಾಮೆರಾಕ್ಕೆ ರಾಡಿ ಹತ್ತಬಾರದೆಂದು ಎದೆಯ ಮೇಲಿಟ್ಟುಕೊಂಡು, ಎರಡೂ ಕೈ ಅದರ ಮೇಲೆ ಜೋಡಿಸಿ, ನೋವಿಗೆ ಕಣ್ಣು ಮುಚ್ಚಿದೆ. ತಿರುಗಿ ಬಂದ ದಾನಿಯೇಲಪ್ಪನವರು ತಲೆಯ ಮೇಲಿನ ಟೋಪಿ ತೆಗೆದರು. ಗಿರಿಜಾ ಅಳಲಿಲ್ಲ. ಮೊಬೈಲು ತೆಗೆದು ಒಂದು ಫೋಟೋ ಹೊಡೆದಳು.

"ಏಳ್ರಿ ಸಾವಕಾರ್ರ," ದಾನಿಯೇಲಪ್ಪನವರು ನನ್ನ ಬಗಲಿಗೆ ಕೈ ಕೊಟ್ಟರು. "ಇದು ಬ್ಯಾರೆಯವರಿಗೆ ಕಾದಿಟ್ಟ ಜಾಗಾ."

ನೋವಿನಲ್ಲಿ ನನಗೆ ಕೇಳಿಸಿದ್ದು 'ಏಳ್ರಿ' ಎಂಬುದಷ್ಟೇ.

ಎರಡು ದಿನ ಬಿಟ್ಟು, ಟೊಂಕಕ್ಕೆ ಪಟ್ಟಾ ಕಟ್ಟಿಕೊಂಡು ಅಕ್ಕೋರ ಮನೆಗೆ ಹೋದೆವು. ತಮ್ಮನ ಮಗ ಸುಧೀರನೂ ಬಂದಿದ್ದ. ಅಕ್ಕೋರು ಇಸ್ತ್ರಿ ಮಾಡಿದ ಸೀರೆ ಉಟ್ಟು, ಚಷ್ಮಾ ಒರೆಸಿಕೊಂಡು ಕಾದಿದ್ದರು. ನಾನು ಒಂದೊಂದೇ ಚಿತ್ರ ತೋರಿಸುತ್ತ ಬೆಳಕಿನ ಬಗ್ಗೆ ಎರಡು ಮಾತು ಹೇಳತೊಡಗಿದೆ. ಪಾಚಿ ಬಂತು, ಗಂಟೆ ಬಂತು, ಮೋಡ ಬಂತು.

"ಛಲೋ ಅದಾವ್ರಿ," ಎಂದ ಸುಧೀರ. "ಜಾಗಾ ಎಲ್ಲದ?"

ನಾನು ಮತ್ತೆ ಮೊದಲಿನಿಂದ ನೋಡಿದೆ. ಜಾಗ ಎಲ್ಲೂ ಇರಲಿಲ್ಲ. ಖಾಲಿ ಇದ್ದುದನ್ನೆಲ್ಲ ನಾನೇ ಮುತುವರ್ಜಿಯಿಂದ ಕತ್ತರಿಸಿದ್ದೆ, ಉಳಿದದ್ದನ್ನು ಮಂಜು ಮಾಡಿದ್ದೆ. "ಅದರೀ, ನಾ ನೋಡೇನಿ" ಎಂದೆ. ಗೋಡೆಯಿಂದ ಎಷ್ಟು ದೂರ ಎಂದು ಅವನು ಕೇಳಿದ. ಎಳೆಯ ಉದ್ದ ಕಣ್ಣಿನಿಂದಲೇ ಅಳೆಯುತ್ತಿದ್ದ ನಾನು ಕ್ಯಾಮೆರಾದ ಗಾಜು ಒರೆಸತೊಡಗಿದೆ.

"ಇರ್ಲಿ ಬಿಡ್ರಿ ಮಲ್ಲಣ್ಣಾರ. ಅಷ್ಟು ದೂರ ಹೋಗಿ ಬಂದ್ರಿ," ಎಂದು ಅಕ್ಕೋರು ಚಷ್ಮಾ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅವರು ಬೈದಿದ್ದರೆ ಸಹಿಸುತ್ತಿದ್ದೆ. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

ಆಗ ಗಿರಿಜಾ ತನ್ನ ಮೊಬೈಲು ಅವರ ಕೈಗೆ ಕೊಟ್ಟಳು.

ಕಲ್ಲು ಪೂರ್ತಿ ಕಾಣುತ್ತಿತ್ತು. ಬಲಕ್ಕೆ ನಾನು, ಹೆಣದ ಹಾಗೆ. ನನ್ನ ಪಾದದಾಚೆ ಒಂದು ಹೆಜ್ಜೆ ನೆಲ, ಅದರಾಚೆ ಹೊಸ ಗೋಡೆ. ಅಕ್ಕೋರು ಚಷ್ಮಾ ಹಾಕಿಕೊಂಡು ಬಹಳ ಹೊತ್ತು ನೋಡಿದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮತ್ತೆ ಫೋಟೋ ನೋಡಿದರು.

"ಸುಧೀರಾ, ಮಲ್ಲಣ್ಣಾರು ನನಗಿಂತ ಎಷ್ಟು ಎತ್ತರ ಅದಾರ ನೋಡು. ಇವರು ಹಿಡಸ್ಯಾರ ಅಂದಮ್ಯಾಲೆ ನಾ ಆರಾಮ ಹಿಡಸ್ತೀನಿ."

ಸುಧೀರ ನೆಲ ನೋಡುತ್ತ, "ಆತು ಅತ್ತಿ. ಅಲ್ಲೇ ಆಗ್ಲಿ" ಎಂದ.

"ಅವ್ವನ ಹಣಿ ಮ್ಯಾಲೆ ಇದೇನು ಬೆಳ್ಳಗ?" ಎಂದು ಅಕ್ಕೋರು ಕೇಳಿದರು. ತಲೆ ತಗ್ಗಿಸಿ ಹೇಳಿದೆ. ಅವರು ನಕ್ಕರು, ಕಣ್ಣಲ್ಲಿ ನೀರಿತ್ತು. "ಅವ್ವ ಚರ್ಚಿನ ಕಡೆ ಬಂದಳಂತ ನಮ್ಮಜ್ಜಾ ಸಾಯೂತನಕ ಆಕಿ ಕೂಡ ಮಾತಾಡಲಿಲ್ರಿ. ದಿನಾ ವಿಭೂತಿ ಹಚ್ಚಾಂವ. ಇದನ್ನ ನೋಡಿದ್ರ ಮಾತಾಡ್ತಿದ್ದನೇನೋ."

ಆ ಫೋಟೋ ಈಗ ಕಟ್ಟು ಹಾಕಿಸಿಕೊಂಡು ಅಕ್ಕೋರ ಮಂಚದ ಎದುರಿನ ಗೋಡೆಯ ಮೇಲಿದೆ. ಮೊನ್ನೆ ಬಂದಿದ್ದ ಅವರ ನೆಂಟರೊಬ್ಬರು ಅದನ್ನು ನೋಡಿ, ದನಿ ತಗ್ಗಿಸಿ, "ಇವರು ತೀರಿಕೊಂಡು ಎಷ್ಟು ದಿನಾ ಆತ್ರಿ?" ಎಂದು ಕೇಳಿದರಂತೆ.

"ಇನ್ನೂ ಇಲ್ಲ. ನನ್ನ ಜಾಗಾ ಅಳದ ಬಂದಾರ, ಅಷ್ಟ," ಎಂದರಂತೆ ಅಕ್ಕೋರು.

ನನ್ನ ಛಾಯಾಗ್ರಹಣದ ಬದುಕಿನಲ್ಲಿ ಗೋಡೆ ಹತ್ತಿದ ಚಿತ್ರ ಅದೊಂದೇ. ಅದನ್ನು ತೆಗೆದವಳು ಗಿರಿಜಾ. ತಲೆ ಕತ್ತರಿಸಿಲ್ಲ.