ತೂಕಕ್ಕೆ ನಿಂತ ಗಾಲಿಮನೆ

ಅತ್ತೆಯ ಬಾಯಲ್ಲಿ ಸಣ್ಣಳಿಯನ ಹೆಸರು ಬಂದರೆ ಸಾಕು, ಕೊಟ್ಟೂರಿನ ಶೇಂಗಾ ದಲಾಲಿ ಗಾದೆಪ್ಪನ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಅರೆದಂತಾಗುತ್ತಿತ್ತು. ಬಸಲಿಂಗಮ್ಮ ಅವನಿಗೆ ಬರೀ ಹೆಂಡತಿಯ ತಾಯಿಯಲ್ಲ, ಅಪ್ಪನ ಸ್ವಂತ ತಂಗಿ ಕೂಡ. ಆ ಲೆಕ್ಕಕ್ಕೆ ಅವಳ ಪ್ರೀತಿಯ ಮೇಲೆ ತನಗೆ ಡಬಲ್ ಹಕ್ಕು ಎಂದು ಅವನ ವಾದ. ಆದರೆ ಅವನು ಅತ್ತೆಗೆ "ಏನೋ ಗಾದ್ಯಾ, ಬಂದ್ಯಾ?" ಆಗಿಯೇ ಉಳಿದಿದ್ದ. ಹೊರಗಿನಿಂದ ಬಂದ ಉಚ್ಚಂಗೆಪ್ಪ, ಕಿರಿಮಗಳು ಮೈಲಮ್ಮನ ಗಂಡ, ಮಾತ್ರ "ನಮ್ಮ ಸಣ್ಣಳಿಯಾರು".

ಇಷ್ಟಕ್ಕೂ ಆ ಮಹಾಶಯ ಮಾಡಿದ್ದೇನು? ಹೋದ ವರ್ಷ ಅರಸೀಕೆರೆಯಿಂದ ಬಂದು, ತನ್ನ ವ್ಯಾನಿನಲ್ಲಿ ಒಂದು ಗಾದಿ ಹಾಸಿ, ಒಂದು ಪಂಪ್ ಸ್ಟವ್ ಇಟ್ಟುಕೊಂಡು ಅತ್ತೆಯನ್ನು ಮಂತ್ರಾಲಯಕ್ಕೆ ಕರೆದುಕೊಂಡು ಹೋಗಿಬಂದಿದ್ದ. ಅಷ್ಟೇ. ಅದನ್ನೇ ಬಸಲಿಂಗಮ್ಮ ವರ್ಷಪೂರ್ತಿ ಬೀಗರು ಬಿಜ್ಜರ ಮುಂದೆಲ್ಲ ಹೇಳಿಕೊಂಡು ತಿರುಗಿದಳು. "ಮನ್ಯಾಗ ಕುಂತಂಗ ಆತವ್ವ!"

"ಮನ್ಯಾಗ ಕುಂತಂಗಂತ," ಎಂದು ಗಾದೆಪ್ಪ ಹೆಂಡತಿ ಮರುಳಸಿದ್ದಮ್ಮನ ಮುಂದೆ ಹಲ್ಲು ಕಡಿದ. "ನಾನು ಮನೀನ ಒಯ್ತೀನಿ ನೋಡ್ತಿರು. ಈ ಸಲ ಶ್ರೀಶೈಲಕ್ಕ ಅತ್ತಿ ನನ್ನ ಗಾಡ್ಯಾಗ ಬರಬೇಕು."

ಮರುದಿನವೇ ದಾವಣಗೆರೆಗೆ ಓಡಿದ. ಅಲ್ಲಿ ಒಂದು ಹಳೆಯ ವ್ಯಾನು ಕಣ್ಣಿಗೆ ಬಿತ್ತು. ಅದರ ಪಕ್ಕೆಯ ಮೇಲೆ ಬಿಳಿ ಬಣ್ಣದಲ್ಲಿ ಒಟ್ಟು ಭಾರ ಇಪ್ಪತ್ತೆಂಟು ಕ್ವಿಂಟಾಲ್ ಎಂದು ಬರೆದಿತ್ತು. ಮಾರುವವನು, "ಯಜಮಾನ್ರೇ, ಈ ತೂಕದ್ದು ಸ್ವಲ್ಪ ತಿಳ್ಕೊಳ್ರಿ, ಇದ್ರಾಗೆ..." ಎಂದು ಬಾಯಿ ತೆರೆಯುವಷ್ಟರಲ್ಲಿ ಗಾದೆಪ್ಪ ಕೈ ಎತ್ತಿ ತಡೆದ.

"ತೂಕದ ಮಾತು ನನಗ ಹೇಳಬ್ಯಾಡ್ರಿ. ಮೀಸಿ ಬರೋಕಿಂತ ಮೊದ್ಲ ತಕ್ಕಡಿ ಹಿಡದೋನು ನಾನು."

(ಹಿಡಿದದ್ದು ನಿಜ. ಅದು ಯಾರ ಕಡೆ ವಾಲುತ್ತಿತ್ತು ಎಂಬುದು ರೈತರನ್ನು ಕೇಳಬೇಕಾದ ಮಾತು.)

ಊರಿಗೆ ತಂದದ್ದೇ ಬೆಸುಗೆಯವನನ್ನು ಕರೆಸಿದ. ಕಬ್ಬಿಣದ ಮಂಚ ಬಂತು, ಕಬ್ಬಿಣದ ಅಲಮಾರು ಬಂತು. ಎರಡನ್ನೂ ಗಾಡಿಯ ಮೈಗೇ ಬೆಸೆದರು. ಅಡಿಗೆ ಕಟ್ಟೆಗೆ ಕಡಪ ಕಲ್ಲು ಬೇಕೇ ಬೇಕು ಎಂದ, ಅದೂ ಕೂತಿತು. ಹಿಂಬದಿಗೆ ನೀರಿನ ಡ್ರಮ್ಮು. ಕೊನೆಗೆ, ಅತ್ತೆಗೆ ಒರಳಲ್ಲಿ ರುಬ್ಬಿದ ಚಟ್ನಿಯೇ ಸೇರುವುದೆಂದು, ಹಿತ್ತಿಲ ಒರಳನ್ನೇ ನಾಲ್ಕು ಜನ ಹಮಾಲರಿಂದ ಎತ್ತಿಸಿ ಇಟ್ಟ.

"ಸಾಕು ಮಾಡ್ರಿ. ಗಾಡಿ ಏದುಸಿರು ಬಿಡಾಕತ್ತೈತಿ," ಎಂದಳು ಮರುಳಸಿದ್ದಮ್ಮ.

"ಇಪ್ಪತ್ತೆಂಟು ಕ್ವಿಂಟಾಲ್ ಹೊರತೈತಿ ಇದು. ನಿಮ್ಮವ್ವ ಏನ್ ಇಪ್ಪತ್ತೆಂಟು ಕ್ವಿಂಟಾಲ್ ಅದಾಳೇನು?"

ಹೊರಡುವ ದಿನ ಬಸಲಿಂಗಮ್ಮ ಗಾಲಿಮನೆ ಹತ್ತಿ, ಮಂಚದ ಮೇಲೆ ಕಾಲು ಚಾಚಿ, "ಚೊಲೋ ಐತೋ ಗಾದ್ಯಾ" ಎಂದವಳು ಊರು ದಾಟುವ ಮೊದಲೇ ನಿದ್ದೆ ಹೋದಳು. ಗಾದೆಪ್ಪ ಸ್ಟೇರಿಂಗ್ ಹಿಡಿದು ಜೊತೆಗೆ ಹೊರಟು ಹಿಂದೆ ಬರುತ್ತಿದ್ದ ಷಡ್ಡಕ ಉಚ್ಚಂಗೆಪ್ಪನ ವ್ಯಾನನ್ನು ಕನ್ನಡಿಯಲ್ಲಿ ನೋಡಿ ನೋಡಿ ಸುಖಪಟ್ಟ. ಹಿಂದಿನ ಟೈರು ಎಲ್ಲಿಯೋ ತಾಗಿ ಕರಕರ ಎನ್ನುತ್ತಿತ್ತು. ಆ ಸಂಭ್ರಮದಲ್ಲಿ ಅದನ್ನು ಕೇಳುವವರಾರು?

ಹಗರಿಬೊಮ್ಮನಹಳ್ಳಿಯಲ್ಲಿ ಉಚ್ಚಂಗೆಪ್ಪ ಅಡ್ಡ ಬಂದು ನಿಲ್ಲಿಸಿದ.

"ಅಣ್ಣಾ, ನಿನ್ನ ಗಾಡಿ ಹಿಂದ ನೆಲಕ್ಕ ಕುಂತೈತಿ. ಭಾರ ಹೆಚ್ಚಾತೇನೋ ನೋಡು."

ಉರಿ ಹತ್ತಿದೆ ಇವನಿಗೆ ಎಂದುಕೊಂಡ ಗಾದೆಪ್ಪ. ಸ್ವತಃ ಹೊಟ್ಟೆಕಿಚ್ಚಿನಲ್ಲಿ ಬೇಯುವವನಿಗೆ ಊರೆಲ್ಲ ಹೊಗೆಯೇ ಕಾಣುತ್ತದೆ ನೋಡಿ. "ಭಾರ ಹೆಚ್ಚಾತೇನು? ಬಾ, ನಾಕು ಮಂದಿ ಮುಂದ ತೋರಸ್ತೀನಿ," ಎಂದು ಶೇಂಗಾ ಮಿಲ್ಲಿನ ಪಕ್ಕದ ವೇಬ್ರಿಜ್ ಮೇಲೆ ಗಾಡಿಯನ್ನು ಆನೆ ಏರಿಸಿದಂತೆ ಏರಿಸಿದ. ತೂಕದ ದುರುಗಣ್ಣ ಕಿಟಕಿಯಿಂದ ತಲೆ ಹಾಕಿ ಹೇಳಿದ:

"ಮೂವತ್ತೊಂದು ಕ್ವಿಂಟಾಲ್ ಐತ್ರಿ."

"ಅದೆಂಗೋ? ಒಳಗಿರೋ ಮಂದಿ, ಸಾಮಾನು ಎಲ್ಲಾ ಕೂಡಿ ಏಳೆಂಟು ಕ್ವಿಂಟಾಲ್ ಆಗಂಗಿಲ್ಲ."

"ಮತ್ತ ಗಾಡೀದು?"

ಗಾದೆಪ್ಪ ಗಾಡಿಯ ಪಕ್ಕೆಯ ಮೇಲಿನ ಬಿಳಿ ಅಕ್ಷರಗಳನ್ನು ಇನ್ನೊಮ್ಮೆ ಓದಿದ. ಅವನ ಬದಲು ಮರುಳಸಿದ್ದಮ್ಮ ಬಾಗಿಲಿಂದ ಇಳಿದು, ಮಿಲ್ಲಿಗೆ ಬಂದಿದ್ದ ರೈತರಿಗೆಲ್ಲ ಕೇಳುವಂತೆ ಶುರುಮಾಡಿದಳು.

"ಅಂಗಡ್ಯಾಗ ರೈತ್ರ ಚೀಲಚೀಲಕ್ಕೂ ಖಾಲಿ ಚೀಲದ ತೂಕ ಕಳೀತೀರಿ. ಚೀಲ ತೂತು ಬಿದ್ದಿದ್ರೂ ಕಳೀತೀರಿ. ಇಷ್ಟು ದೊಡ್ಡ ಗಾಡೀನ ಕಳಿಯೋದು ಮರತ್ರೇನು? ಇಪ್ಪತ್ತೆಂಟು ಅಂದ್ರ ಗಾಡಿ, ಮಂಚ, ಕಲ್ಲು, ನೀವು, ನಾನು ಎಲ್ಲಾ ಕೂಡೇರಿ!"

ರೈತರು ಬಹಳ ಸಂತೋಷದಿಂದ ಕೇಳಿಸಿಕೊಂಡರು. ಒಬ್ಬ ಮುದುಕ, "ಇನ್ನೊಂದ್ಸಲ ಹೇಳ್ ತಾಯಿ," ಎಂದ.

ಡ್ರಮ್ಮಿನ ನೀರು ಚೆಲ್ಲಿದರು. ಒರಳು ಉಚ್ಚಂಗೆಪ್ಪನ ವ್ಯಾನಿಗೆ ಹೋಯಿತು. ಬೆಸೆದ ಕಬ್ಬಿಣ ಕೀಳುವಂತಿಲ್ಲ, ಕಡಪ ಕಲ್ಲು ಅಲುಗುವುದಿಲ್ಲ. ಮತ್ತೆ ತೂಗಿದರೆ ಇನ್ನೂ ಅರ್ಧ ಕ್ವಿಂಟಾಲ್ ಹೆಚ್ಚು.

"ಅತ್ತಿ ನಮ್ಮ ಗಾಡಿಗೆ ಬರಲಿ ಬಿಡಣ್ಣ," ಎಂದ ಉಚ್ಚಂಗೆಪ್ಪ.

"ಸತ್ರೂ ಇಲ್ಲ. ಅತ್ತಿ ನನ್ನ ಗಾಡಿ ಇಳಿಯಂಗಿಲ್ಲ."

"ಹಂಗಾರ ನೀವ ಇಳೀರಿ," ಎಂದಳು ಮರುಳಸಿದ್ದಮ್ಮ. "ನೀವು ಒಂದು ಕ್ವಿಂಟಾಲ್ ಅದೀರಿ, ಅವರು ಅರ್ಧ. ಅವರು ಇದನ್ನ ಹೊಡೀಲಿ, ನೀವು ಅವರದನ್ನ ಹೊಡೀರಿ. ಅವ್ವನ ಕಾಲು ಒತ್ತಾಕ ನಾ ಇಲ್ಲೇ ಬೇಕು."

ದುರುಗಣ್ಣ ಮತ್ತೆ ತೂಗಿ ನೋಡಿ, "ಈಗ ಬರೋಬ್ಬರಿ ಆತು," ಎಂದ. ಇಷ್ಟರ ನಡುವೆ ಬಸಲಿಂಗಮ್ಮ ಮಗ್ಗುಲು ಬದಲಿಸಿ ಗೊರಕೆ ಮುಂದುವರಿಸಿದಳು.

ಹೊಸಪೇಟೆಯವರೆಗೂ ಗಾದೆಪ್ಪ ತನ್ನ ಗಾಲಿಮನೆಯ ಬೆನ್ನನ್ನೇ ನೋಡುತ್ತ ಷಡ್ಡಕನ ವ್ಯಾನು ಓಡಿಸಿದ. ಹಿಂದೆ ಒರಳು ಗುಡುಗುಡು ಎನ್ನುತ್ತಿತ್ತು. ಪಕ್ಕದಲ್ಲಿ ಮೈಲಮ್ಮ ಕೂತಿದ್ದಳು; ಒರಳಿಗಾದರೂ ಬಿಡುವಿತ್ತು, ಅವಳ ಬಾಯಿಗಿರಲಿಲ್ಲ. "ಭಾವ, ನಮ್ಮ ಮನಿಯೋರು ಗೇರ್ ಬದ್ಲಿ ಮಾಡಿದ್ದು ಗೊತ್ತ ಆಗಂಗಿಲ್ಲ ನೋಡ್ರಿ. ನೀವ್ಯಾಕ ಅದರ ಕೂಡ ಹಿಂಗ ಕಿತ್ತಾಡತೀರಿ?"

ಊಟಕ್ಕೆ ನಿಂತದ್ದು ಬಸಲಿಂಗಮ್ಮನ ಅಕ್ಕ ಹಂಪಕ್ಕನ ಮನೆ ಮುಂದೆ. ಗಾದೆಪ್ಪ ಬೆವರು ಒರೆಸಿಕೊಳ್ಳುತ್ತ ಹತ್ತಿರ ಬರುವಷ್ಟರಲ್ಲಿ ಓಣಿಯ ಹೆಂಗಸರೆಲ್ಲ ಗಾಲಿಮನೆಯನ್ನು ಸುತ್ತುವರಿದಿದ್ದರು. ಈಗಲಾದರೂ ತನ್ನ ಹೆಸರು ಬಂದೀತೆಂದು ಅವನು ಕಿವಿ ನಿಮಿರಿಸಿದ.

"ಗಾಡಿ ಗಾದ್ಯಾಂದು," ಎನ್ನುತ್ತಿದ್ದಳು ಬಸಲಿಂಗಮ್ಮ. ಅವನ ಎದೆ ಉಬ್ಬಿತು. "ಮೊದಮೊದ್ಲು ಏನ್ ಕರಕರ ಅಂತಿತ್ತವ್ವ, ನಿದ್ದಿಗಣ್ಣಾಗೂ ಕೇಳಿಸ್ತಿತ್ತು. ಆಮ್ಯಾಗ ಎದ್ದು ನೋಡ್ತೀನಿ, ಸಣ್ಣಳಿಯಾರು ಹೊಡ್ಯಾಕತ್ಯಾರ. ತೊಟ್ಲಾಗ ಮಲಗಿಸಿಕೊಂಡು ಬಂದಂಗ ಕರಕೊಂಡು ಬಂದ್ರು."

ಆಮೇಲೆ ಗಾದೆಪ್ಪನ ಮೇಲೆ ಅವಳ ಕಣ್ಣು ಬಿತ್ತು.

"ಅಲ್ಲೋ, ನೀ ಯಾರ ಗಾಡ್ಯಾಗ ಬಂದ್ಯೋ?"

ಗಾದೆಪ್ಪ ಹೆಂಡತಿಯ ಕಡೆ ನೋಡಿದ. ಅವಳು ಸೆರಗು ಸರಿಮಾಡಿಕೊಂಡಳು.

"ಉಚ್ಚಂಗೆಪ್ಪನ ಗಾಡ್ಯಾಗ," ಎಂದ, ಗಂಟಲಲ್ಲೇ.

ಬಸಲಿಂಗಮ್ಮ ಅಭಿಮಾನದಿಂದ ಅಕ್ಕನ ತೋಳು ಹಿಡಿದುಕೊಂಡಳು.

"ನೋಡಕ್ಕ, ನನ್ನ ಕರಕೊಂಡು ಬಂದೋರೂ ಅವರ, ಇವನ್ನ ಕರಕೊಂಡು ಬಂದೋರೂ ಅವರ."