ಸೊನ್ನೆ ವಯಸ್ಸಿನ ನೀರುಗಂಟಿ

ಧಾತು ಸಂವತ್ಸರದ ಯುಗಾದಿಯಂದು ಕಟ್ಟೆಮಳಲವಾಡಿಯ ನೀರುಗಂಟಿ ಜವರಯ್ಯನಿಗೆ ಅರವತ್ತು ತುಂಬಿತು. ಅದೇ ದಿನ ಅವನ ವಯಸ್ಸು ಸೊನ್ನೆಯಾಯಿತು. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ವಯೋನಿರ್ಣಯ ಶಾಖೆಯ ದಫ್ತರದಲ್ಲಿ ಹುಟ್ಟಿದ ಸಂವತ್ಸರದ ಹೆಸರನ್ನಷ್ಟೇ ಬರೆಯುವ ಪದ್ಧತಿ, ಆ ಹೆಸರೋ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ.

ನಲವತ್ತು ವರ್ಷ ಊರಿನ ಗದ್ದೆಗಳಿಗೆ ನೀರು ಬಿಡುತ್ತಾ ಕಾಲುವೆಯ ಕೆಸರಿನಲ್ಲಿ ನಿಂತು ಜವರಯ್ಯನ ಮಂಡಿಗಳು ಕೈಕೊಟ್ಟಿದ್ದವು. ಇನ್ನು ಜಗಲಿಯ ಮೇಲೆ ಕೂತು, ಎಲೆಅಡಿಕೆ ಕುಟ್ಟಿಕೊಂಡು, ಹೋಗಿಬರುವವರ ತಪ್ಪು ಎತ್ತಿ ಆಡಬೇಕೆಂದು ಅವನ ಆಸೆ. ಮುಪ್ಪಿನಲ್ಲಿ ಇರುವ ಸುಖವೂ ಅಷ್ಟೇ ತಾನೇ! ಆದರೆ ಬಿಡುಗಡೆಯ ಹುಕುಂ ಇಲ್ಲದೆ ಕೆಲಸ ಬಿಟ್ಟರೆ ಇನಾಮು ಗದ್ದೆ ಹೋಗುತ್ತಿತ್ತು. ಹೆಂಡತಿ ಕುಳ್ಳಮ್ಮನ ಹೆಗಲು ಹಿಡಿದು ಹುಣಸೂರಿನ ಶಾಖೆಗೆ ಬಂದ.

ಗುಮಾಸ್ತ ಸಿದ್ದಮಲ್ಲಪ್ಪನವರು ದಫ್ತರ ತೆರೆದರು. "ಹುಟ್ಟಿದ್ದು ಧಾತು, ಈಗಿರೋದೂ ಧಾತು. ಕಳೆದರೆ ಸೊನ್ನೆ. ಅರವತ್ತಾದ ಮೇಲೆ ಬಾರಯ್ಯ."

"ಸ್ವಾಮಿ, ನನ್ನ ಮಗಳ ಮಕ್ಕಳೇ ದೊಡ್ಡೋರಾಗವ್ರೆ. ಬಾಯಾಗಿನ ಅಲ್ಲೆಲ್ಲಾ ಉದುರೋಗವೆ, ನೋಡಿ."

ಸಿದ್ದಮಲ್ಲಪ್ಪನವರು ಅವನ ಬಾಯೊಳಗೆ ಇಣುಕಿ, "ಹಲ್ಲು ಇನ್ನೂ ಮೂಡಿಲ್ಲ, ನಡೆಯಲು ಹೆಂಗಸರ ಆಸರೆ ಬೇಕು" ಎಂದು ಬರೆದುಕೊಂಡರು.

"ಅಂಗಾರೆ ಕೂಸಿನ ಕೈಲಿ ತೂಬು ಎತ್ತುಸ್ತೀರಾ ಸ್ವಾಮಿ?" ಎಂದಳು ಕುಳ್ಳಮ್ಮ.

ಇದು ಕಾನೂನಿನ ಪ್ರಶ್ನೆ. ಮೂರು ದಿನ ಪರ್ಯಾಲೋಚಿಸಿ ಪ್ರಕಟಣೆ ಹೊರಡಿಸಲಾಯಿತು: "ಹಾಲುಗೂಸಾದ ನೀರುಗಂಟಿಯು ಹುದ್ದೆಯಲ್ಲಿ ಮುಂದುವರಿಯತಕ್ಕದ್ದು. ಹಾಲುಗೂಸಿನಿಂದ ದುಡಿಸತಕ್ಕದ್ದಲ್ಲ. ಕೆಲಸವನ್ನು ಮನೆಯ ಹಿರಿಯರು ಮಾಡತಕ್ಕದ್ದು. ಸಿಡುಬು ಬಾರದಂತೆ ಕೂಸಿಗೆ ದಾಕು ಹಾಕಿಸತಕ್ಕದ್ದು."

ದಾಕು ಹಾಕಿಸಿಕೊಂಡ ಜವರಯ್ಯ ಜಗಲಿ ಹತ್ತಿದ. ಕುಳ್ಳಮ್ಮ ಸೆರಗು ಬಿಗಿದು ತೂಬಿಗೆ ಇಳಿದಳು. ಅವಳಿಗೂ ಮಂಡಿಗಳಿದ್ದವು, ಅವೂ ನೋಯುತ್ತಿದ್ದವು. ಪ್ರಕಟಣೆಯಲ್ಲಿ ಆ ವಿಷಯ ಬಂದಿರಲಿಲ್ಲ. "ನೀರು ಜಾಸ್ತಿ ಬುಟ್ಟೆ ಕಣಮ್ಮಿ!" ಎಂದು ಕೂಸು ಜಗಲಿಯಿಂದ ಕೂಗುತ್ತಿತ್ತು.

ವರ್ಷ ಕಳೆದು ಈಶ್ವರ ಸಂವತ್ಸರದ ಯುಗಾದಿ ಬಂತು. ಕುಳ್ಳಮ್ಮ ಬೇವುಬೆಲ್ಲ ತಿಂದು, ಜಗಲಿಯ ಮೇಲೆ ಚಾಪೆ ಹಾಸಿ ಮಲಗಿಬಿಟ್ಟಳು.

"ಏಳಮ್ಮಿ, ತೂಬಿಗೆ ಒತ್ತಾಯ್ತು."

"ನಾನು ಈಸ್ವರದೋಳು. ಇವತ್ತು ಉಟ್ಟಿವ್ನಿ. ಈಗ ಮನೆಗೆ ನೀನೇ ಹಿರೀಕ, ಓಗು."

ಜವರಯ್ಯ ಸಿಕ್ಕಿದ ಗಾಡಿ ಹತ್ತಿ ಹುಣಸೂರಿಗೆ ಹೋದ. ವರ್ಷ ತುಂಬಿದ ಮೇಲೆ ಹಾಲುಗೂಸಲ್ಲವೆಂದು ಸಿದ್ದಮಲ್ಲಪ್ಪನವರು ಸಮಾಧಾನವಾಗಿ ತಿಳಿಸಿದರು. ಬೇರೆ ದಾರಿಯಿಲ್ಲದೆ ಅವನು ಕೋಲೂರಿಕೊಂಡು ಕೆಸರಿಗೆ ಇಳಿದ.

ತನಿಖೆಗೆ ಬಂದ ಸಾಹೇಬರು ಕಣ್ಣಾರೆ ಕಂಡು ಮೆಚ್ಚಿದರು. ಒಂದೇ ವರ್ಷದ ಮಗು ತಾನಾಗಿ ನಡೆದು ಬಂದು ತೂಬು ಎತ್ತುವಂತೆ ಬೆಳೆಸಿದ್ದಕ್ಕಾಗಿ ಜವರಯ್ಯನ ತಂದೆತಾಯಿಗೆ ಅಭಿನಂದನಾ ಪತ್ರ ಹೊರಟಿತು. ಅಂಚೆಯವನು ಅದನ್ನು ಅವರ ಸಮಾಧಿಯ ಮೇಲಿಟ್ಟು, ಗಾಳಿಗೆ ಹಾರದಂತೆ ಕಲ್ಲು ಹೇರಿ, ಮುಂದಿನ ಊರಿಗೆ ಹೋದ.