ಭೂಮಿ ಸುತ್ತುತ್ತದೆ ಎನ್ನಲಾಗಿದೆ

ಪೇಂಟರಮ್ಮ: ಜಾಗ ಇಲ್ಲ ಸಾರ್.

ಹೆಡ್ಮಾಸ್ಟರು: ಒಂದೇ ಒಂದು ಪದ ಕಣಮ್ಮಾ!

ಪೇಂಟರಮ್ಮ: ‘ಎನ್ನಲಾಗಿದೆ’ ಅಂದ್ರೆ ಐದಕ್ಷರ. ಈ ಸಾಲು ಆಗ್ಲೇ ಹೋಗಿ ಕಿಟಕಿಗೆ ಮುಟ್ಟಿದೆ. ಇನ್ನು ಬರೆಯೋದಾದ್ರೆ ಕಿಟಕಿ ಬಾಗಿಲ ಮೇಲೇ ಬರೀಬೇಕು. ಕಿಟಕಿ ತೆಗೆದಾಗ ಭೂಮಿ ಸುತ್ತುತ್ತೆ, ಹಾಕಿದಾಗ ಅನುಮಾನ. ಆಗಬಹುದಾ?

ಶಾಲೆಯ ಪಡಸಾಲೆ. ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಮೊಳದುದ್ದದ ಅಕ್ಷರ: ಭೂಮಿ ಸೂರ್ಯನ ಸುತ್ತ ಸುತ್ತುತ್ತದೆ. ಬರೆದದ್ದು ಪೇಂಟರಮ್ಮನ ಗಂಡ. ಮೂರು ತ-ಒತ್ತು, ಮೂರೂ ಒಂದೇ ಅಳತೆ. ಆತ ಹೋಗಿ ಏಳು ತಿಂಗಳು. ಶಾಲೆಯ ಮಿಕ್ಕ ಬರಹಗಳ ಮೇಲೆಲ್ಲ ಆಮೇಲೆ ಅವಳ ಕೈ ಓಡಿದೆ. ಅವನು ಬಿಟ್ಟ ಹಾಗೇ ಉಳಿದದ್ದು ಇದೊಂದು ಸಾಲು. ಕುಂಚ ಅವಳ ಕೈಯಲ್ಲೇ ಇತ್ತು. ಕೈ ಏಳುತ್ತಿರಲಿಲ್ಲ.

ಹೆಡ್ಮಾಸ್ಟರು ಈ ಶಾಲೆಗೆ ಹೊಸಬರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಆದರೆ ಹಾವು ಹೊಡೆದವರ ಪಟ್ಟಿಯಲ್ಲಿ ತಮ್ಮ ಹೆಸರಿರಬೇಕು ಎನ್ನುವ ಜಾತಿ.

ಹೆಡ್ಮಾಸ್ಟರು: ನಾಳೆ ಸಾಹೇಬರು ತಪಾಸಣೆಗೆ ಬರ್ತಾರೆ. ಅವರು ಯಾವ ಕಡೆಯವರೋ ಏನೋ. ಇದು ಸಿದ್ಧಾಂತ ಅಷ್ಟೇ. ಸಿದ್ಧಾಂತಾನ ಸತ್ಯ ಅಂತ ಗೋಡೆಗೆ ಬಳಿದುಬಿಟ್ರೆ ಹೇಗೆ?

ಪೇಂಟರಮ್ಮ: ಸಿದ್ಧಾಂತ ಅಂದ್ರೆ ‘ಸಿದ್ಧ ಅಂತ’ ಅಲ್ವಾ ಸಾರ್?

ಹೆಡ್ಮಾಸ್ಟರು: ಅಲ್ಲ. ಇನ್ನೂ ಸಿದ್ಧ ಆಗಿಲ್ಲ ಅಂತ.

ಪೇಂಟರಮ್ಮ: ಹಂಗಾದ್ರೆ ಹೆಸರಿಟ್ಟೋರಿಗೆ ಯಾಕೆ ಅಷ್ಟು ಅವಸರ ಇತ್ತು?

ಹೆಡ್ಮಾಸ್ಟರು: ಅಯ್ಯೋ, ವಿಜ್ಞಾನ ಬದಲಾಗ್ತಾ ಇರುತ್ತಮ್ಮಾ. ಇದೇ ಗೋಡೇಲಿ ಒಂಬತ್ತು ಗ್ರಹ ಇದ್ವಂತೆ. ನಿಮ್ಮ ಯಜಮಾನ್ರೇ ಬಂದು ಒಂದನ್ನ ಅಳಿಸಿದ್ರಂತೆ. ಒಂಬತ್ತು ಸತ್ಯ ಆಗಿದ್ರೆ ಎಂಟು ಹೇಗಾಯ್ತು?

ಪೇಂಟರಮ್ಮ: ಅಳಿಸಿದ್ದು ಪಟ್ಟಿಯಿಂದ ಸಾರ್, ಆಕಾಶದಿಂದ ಅಲ್ಲ. ಅದರ ಪಾಡಿಗೆ ಅದು ಅಲ್ಲೇ ಸುತ್ತುತಾ ಇದೆ. ಪಾಪ, ಅದಕ್ಕೆ ಸುದ್ದೀನೇ ಮುಟ್ಟಿಲ್ಲ.

ಹೆಡ್ಮಾಸ್ಟರು: ನಿಮ್ಮ ಹತ್ರ ವಾದ ನನಗೆ ಬೇಡ. ಯಜಮಾನ್ರನ್ನೇ ಕರೆಸಿ.

ಪೇಂಟರಮ್ಮ: ಬರಲ್ಲ. ತೀರಿಹೋದ್ರು.

ಹೆಡ್ಮಾಸ್ಟರು: ಛೆ ಛೆ! ಖಚಿತಾನಾ?

ಯಾರು ಏನು ಹೇಳಿದರೂ ಹೀಗೆ ಕೇಳುವುದು ಅವರ ಚಾಳಿ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು.

ಪೇಂಟರಮ್ಮ: ಕಣ್ಣು ಮುಚ್ಚಿಸಿದ್ದು ನಾನೇ ಸಾರ್. ನಿಮ್ಮ ಆ ‘ಎನ್ನಲಾಗಿದೆ’ ಎಲ್ಲದಕ್ಕೂ ಅಂಟೋ ಹಾಗಿದ್ರೆ, ಮೊದಲು ಅಲ್ಲಿ ಅಂಟಿಸ್ಕೋತಿದ್ದೆ. ಅಂಟಲ್ಲ.

ಹೆಡ್ಮಾಸ್ಟರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು.

ಹೆಡ್ಮಾಸ್ಟರು: ಅದು ಬೇರೆ, ಇದು ಬೇರೆ. ನಾಳೆ ಇದೂ ಬದಲಾದ್ರೆ?

ಪೇಂಟರಮ್ಮ: ಬದಲಾದ ದಿನ ಹೇಳಿಕಳಿಸಿ, ಬಂದು ಥಿನ್ನರ್ ಹಾಕಿ ಅಳಿಸ್ತೀನಿ. ಮುಂಚೇನೇ ಯಾಕೆ ಬಣ್ಣ ಹಾಳು? ಅಡ್ಡಗೋಡೆ ಮೇಲೆ ದೀಪ ಇಡೋರನ್ನ ನೋಡಿದ್ದೆ ಸಾರ್. ಗೋಡೆ ಮೇಲೇ ಅಡ್ಡಗೋಡೆ ಬರಿ ಅನ್ನೋರನ್ನ ಇವತ್ತೇ ನೋಡಿದ್ದು.

ಹೆಡ್ಮಾಸ್ಟರು: ಬರೀತೀರೋ, ಬೇರೆಯವರನ್ನ ಕರೆಸ್ಲೋ?

ಬೇರೆಯವರು! ಪೇಂಟರಮ್ಮ ಮೂರನೇ ಒತ್ತಿನ ಮೇಲಿದ್ದ ಧೂಳನ್ನು ಸೆರಗಿನಿಂದ ಒರೆಸಿದಳು.

ಪೇಂಟರಮ್ಮ: ಬರೀತೀನಿ. ಆದ್ರೆ ಚೀಟಿ ಕೊಡಿ. ನಾಳೆ ಸಾಹೇಬರು ಕೇಳಿದ್ರೆ ‘ನಾನು ಹೇಳೇ ಇಲ್ಲ’ ಅನ್ನಬಾರದು ನೋಡಿ.

ಹೆಡ್ಮಾಸ್ಟರು ಪೆನ್ನು ತೆಗೆದು ಯೋಚಿಸಿದರು. ಒಂದೇ ಸಾಲಿಗೆ ಎಂದು ಬರೆದರೆ ಪಕ್ಷಪಾತ ಎಂದಾರು. ‘ಶಾಲೆಯ ಎಲ್ಲ ಬರಹಗಳ ಮುಂದೆಯೂ ಎನ್ನಲಾಗಿದೆ ಎಂದು ಸೇರಿಸುವುದು’ ಎಂದು ಬರೆದು, ಸಹಿ ಹಾಕಿ, ಊಟಕ್ಕೆ ಹೋದರು.

ಉಂಡು ಕೈ ತೊಳೆಯುವಷ್ಟರಲ್ಲಿ ಅಟೆಂಡರ್ ಓಡಿ ಬಂದ.

ಅಟೆಂಡರ್: ಸಾರ್, ಮೇನ್ ಸ್ವಿಚ್ ನಾನು ಮುಟ್ಟಬಹುದಾ, ಬೇಡವಾ?

ಹೆಡ್ಮಾಸ್ಟರು: ಬೋರ್ಡ್ ಓದಕ್ಕೆ ಬರಲ್ವಾ?

ಅಟೆಂಡರ್: ಓದಿಯೇ ಕೇಳ್ತಿರೋದು. ‘ಮುಟ್ಟಿದರೆ ಸಾವು ಎನ್ನಲಾಗಿದೆ’ ಅಂತಿದೆ.

ಹೆಡ್ಮಾಸ್ಟರು ಎದ್ದುಬಿದ್ದು ಹೊರಟರು. ನಲ್ಲಿಯ ಮೇಲೆ: ಕುಡಿಯುವ ನೀರು ಎನ್ನಲಾಗಿದೆ. ಮೂಲೆಯಲ್ಲಿ: ಗಂಡಸರಿಗೆ ಎನ್ನಲಾಗಿದೆ. ಆ ಬಾಗಿಲಲ್ಲಿ ಇಬ್ಬರು ಮೇಷ್ಟ್ರುಗಳು ಮುಖ ಮುಖ ನೋಡಿಕೊಂಡು ನಿಂತಿದ್ದರು. ಕೊನೆಗೆ ಅವರದೇ ಕೊಠಡಿಯ ಹಲಗೆ. ಹೆಸರಿನ ಕೆಳಗೆ, ಇನ್ನೂ ಹಸಿ ಬಣ್ಣದಲ್ಲಿ: ಮುಖ್ಯೋಪಾಧ್ಯಾಯರು ಎನ್ನಲಾಗಿದೆ.

ಹೆಡ್ಮಾಸ್ಟರು: ಏನಮ್ಮಾ ಇದು! ನಾನು ಹೆಡ್ಮಾಸ್ಟರ್ ಅನ್ನೋದು ಸಿದ್ಧಾಂತಾನಾ? ಸತ್ಯ! ಆರ್ಡರ್ ಇದೆ!

ಪೇಂಟರಮ್ಮ: ಆರ್ಡರ್ ಬದಲಾಗ್ತಾ ಇರುತ್ತಲ್ಲ ಸಾರ್. ಈ ಹಲಗೆ ಮೇಲೆ ನಮ್ಮೆಜಮಾನ್ರು ನಾಲ್ಕು ಹೆಡ್ಮಾಸ್ಟರನ್ನ ಅಳಿಸಿದ್ರು. ಐದನೆಯವರನ್ನ ನಾನು. ಆ ಭೂಮಿ ಸಾಲಿಗೆ ಇಪ್ಪತ್ತು ವರ್ಷ ಆಯ್ತು, ಯಾರೂ ಥಿನ್ನರ್ ಸೋಕಿಸಿಲ್ಲ. ಎರಡರಲ್ಲಿ ಯಾವುದು ಗಟ್ಟಿ ನೀವೇ ಹೇಳಿ.

ಅಟೆಂಡರ್ ಕೆಮ್ಮಿದ. ಕೆಮ್ಮು ಬಂದಿರಲಿಲ್ಲ.

ಹೆಡ್ಮಾಸ್ಟರು: ಅಳಿಸಿ! ಎಲ್ಲಾ ಅಳಿಸಿ!

ಪೇಂಟರಮ್ಮ: ಚೀಟಿ.

ಹೆಡ್ಮಾಸ್ಟರು ನಿಂತಲ್ಲೇ ಬರೆದರು: ‘ಎನ್ನಲಾಗಿದೆ ಎಂಬ ಪದ ಈ ಶಾಲೆಯ ಯಾವ ಗೋಡೆಯ ಮೇಲೂ ಇರತಕ್ಕದ್ದಲ್ಲ.’ ಸಹಿ ಹಾಕಿ, ಪಡಸಾಲೆಯ ಕಡೆ ತಿರುಗಿ ನೋಡಿದರು. ಕಿಟಕಿ ತೆರೆದಿತ್ತು. ನೀಲಿ ಸಾಲು ಇದ್ದ ಹಾಗೇ ಇತ್ತು.

ಹೆಡ್ಮಾಸ್ಟರು: ಅಲ್ಲೇ ಬರೀಲಿಲ್ವಾ?

ಪೇಂಟರಮ್ಮ: ಕೊನೆಗೆ ಇಟ್ಕೊಂಡಿದ್ದೆ ಸಾರ್. ಅಷ್ಟರಲ್ಲಿ ನೀವೇ ಬೇಡ ಅಂದ್ರಿ.

ಅವಳು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಟ್ಟೆಚೂರಿಗೆ ಥಿನ್ನರ್ ಸುರಿದು ಹಲಗೆ ಒರೆಸತೊಡಗಿದಳು. ಹೆಡ್ಮಾಸ್ಟರು ಸ್ವಲ್ಪ ಹೊತ್ತು ಅವಳ ಕೈಯನ್ನೇ ನೋಡಿದರು. ಆಮೇಲೆ ದನಿ ತಗ್ಗಿಸಿದರು.

ಹೆಡ್ಮಾಸ್ಟರು: ನಿಜ ಹೇಳಿ. ಅವರ ಸಾಲು ಉಳೀಲಿ ಅಂತ ಬೇಕಂತಲೇ ಮಾಡಿದ್ರಿ ತಾನೇ ಇಷ್ಟೆಲ್ಲಾ?

ಪೇಂಟರಮ್ಮ: ಎನ್ನಲಾಗಿದೆ, ಸಾರ್.